ವರ್ಲ್ಡ್ ಸೀರೀಸೂ ನಮ್ಮ ಅಂತರರಾಜ್ಯವೂ

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಡಾಕ್ಟರು, ಬಿಸಿಲಿಗೆ ಹೋಗುವಾಗ ಟೊಪ್ಪಿ ಇಡಿ ಎಂದರು. ನಮ್ಮ ಕಾಲದ ಹೆಂಗಸರಿಗೆ ಬಿಸಿಲಿಗೆ ಸೆರಗು, ಮಳೆಗೆ ಕೊಡೆ; ಟೊಪ್ಪಿ ಎಂಬುದು ಸಿಲೆಬಸ್ಸಿನಲ್ಲೇ ಇರಲಿಲ್ಲ. ಆದರೂ ಡಾಕ್ಟರ ಮಾತು, ಹಾಗಾಗಿ ಪುತ್ತೂರಿನ ಸೋಮವಾರದ ಸಂತೆಯಲ್ಲಿ ಒಣಮೀನಿನವರಿಗೂ ಪ್ಲಾಸ್ಟಿಕ್ ಬಕೆಟಿನವರಿಗೂ ನಡುವೆ ಹರವಿಟ್ಟ ರಾಶಿಯಿಂದ ಒಂದು ನೀಲಿ ಟೊಪ್ಪಿ ಆರಿಸಿ ತಂದೆ. ಮುಂಭಾಗದಲ್ಲಿ ಬಿಳಿ ನೂಲಿನಿಂದ ವರ್ಲ್ಡ್ ಸೀರೀಸ್ ಎಂದು ಇಂಗ್ಲಿಷಿನಲ್ಲಿ ಹೊಲಿದಿತ್ತು. ಉಳಿದ ಟೊಪ್ಪಿಗಳಲ್ಲಿ ಸ್ಪೆಲ್ಲಿಂಗ್ ತಪ್ಪಿತ್ತು, ಇದರಲ್ಲಿ ಸರಿ ಇತ್ತು. ಕೊಂಡದ್ದು ಅಷ್ಟಕ್ಕೇ. ಕಾನ್ವೆಂಟಿನಲ್ಲಿ ಓದಿದವರಿಗೆ ಇದೊಂದು ಕಾಯಿಲೆ, ವಯಸ್ಸಾದ ಮೇಲೆ ಉಳಿದ ಕಾಯಿಲೆಗಳ ಜೊತೆ ಸೇರಿ ಇನ್ನೂ ಜೋರಾಗುತ್ತದೆ.

ಮರುದಿನ ಬೆಳಿಗ್ಗೆ ಕೈಮಗ್ಗದ ಸೀರೆಯ ಮೇಲೆ ಆ ಟೊಪ್ಪಿ ಇಟ್ಟು ವಾಕಿಂಗ್ ಹೊರಟೆ. ಪಕ್ಕದ ಮನೆಯ ಭಟ್ಟರು ಹಾಲಿನ ಪ್ಯಾಕೆಟ್ ಹಿಡಿದು ಗೇಟಿನ ಬಳಿ ನಿಂತಿದ್ದರು. ಬ್ಯಾಂಕಿನಿಂದ ರಿಟೈರ್ ಆದವರು, ಓದುವುದು ಬಿಟ್ಟರೆ ಬೇರೆ ವ್ಯಾಯಾಮವಿಲ್ಲದ ಮನುಷ್ಯ.

"ಅಮ್ಮ, ಅದು ಯಾವ ವರ್ಲ್ಡು?"

"ಬೇಸ್‌ಬಾಲಿನದ್ದಂತೆ. ಅಮೆರಿಕದವರದ್ದು."

"ಅದೇ ಕೇಳುದು ನಾನು. ಅಮೆರಿಕದವರು ಅಮೆರಿಕದವರ ಹತ್ರವೇ ಆಡಿ ಗೆದ್ದು ವರ್ಲ್ಡ್ ಚಾಂಪಿಯನ್ ಅಂತ ಹೇಳಿಕೊಳ್ಳುದು. ನಮ್ಮ ಮನೆಯ ಗಂಡಸರಲ್ಲಿ ನಾನೇ ಚಂದ ಅಂತ ಹೇಳಿದ ಹಾಗೆ."

"ನಿಮ್ಮ ಮನೆಯಲ್ಲಿ ಗಂಡಸು ಅಂತ ಇರುದು ನೀವೊಬ್ರೇ ಅಲ್ವಾ ಭಟ್ರೆ?"

"ಹಾಗೆ ಇರುದರಿಂದಲೇ ಧೈರ್ಯವಾಗಿ ಹೇಳುದು."

ಆ ಹೆಸರು ಒಂದು ಪೇಪರಿನಿಂದ ಬಂತಂತೆ, ವರ್ಲ್ಡ್ ಎಂಬ ಹೆಸರಿನ ಪತ್ರಿಕೆಯೊಂದು ಪಂದ್ಯ ನಡೆಸಲು ಹಣ ಹಾಕಿತ್ತಂತೆ ಎಂದು ಭಟ್ಟರೇ ಹೇಳಿದರು. ಕೇಳಿ ನನಗೆ ಸಮಾಧಾನವಾಯಿತು. ಹೀಗೊಂದು ಕಾರಣ ಸಿಕ್ಕಿದರೆ ಯಾರ ಅಹಂಕಾರವನ್ನೂ ಕ್ಷಮಿಸಬಹುದು. ಆದರೆ ಮರುದಿನ ಅದೇ ಗೇಟಿನಲ್ಲಿ, ಅದೇ ಹಾಲಿನ ಪ್ಯಾಕೆಟಿನೊಂದಿಗೆ ನಿಂತು ಅವರು ಮುಖ ಸಣ್ಣ ಮಾಡಿದರು. "ಅದು ಸುಳ್ಳಂತೆ ಅಮ್ಮ. ಫೋನಿನಲ್ಲಿ ನೋಡಿದೆ. ಪೇಪರಿನವರಿಗೂ ಅದಕ್ಕೂ ಸಂಬಂಧ ಇಲ್ಲ. ಆಗ ಅವರಲ್ಲಿ ಎರಡು ಲೀಗ್ ಇತ್ತು. ಎರಡರಲ್ಲೂ ಗೆದ್ದವರು ಪರಸ್ಪರ ಆಡುವಾಗ, ಇದು ಜಗತ್ತಿನ ಚಾಂಪಿಯನ್‌ಶಿಪ್ ಅಂತ ಅವರೇ ಹೇಳಿಕೊಂಡರು. ಜನ ಅದನ್ನು ಗಿಡ್ಡ ಮಾಡಿ ವರ್ಲ್ಡ್ ಸೀರೀಸ್ ಅಂದ್ರು. ಮತ್ತೆ ಬದಲಾಯಿಸ್ಲಿಕ್ಕೆ ಯಾರೂ ಹೋಗ್ಲಿಲ್ಲ." ಹಾಲಿನ ಪ್ಯಾಕೆಟನ್ನು ಇನ್ನೊಂದು ಕೈಗೆ ದಾಟಿಸಿ, "ಈಗ ಕೆನಡಾದ ಒಂದು ತಂಡವೂ ಉಂಟಂತೆ ಅದರಲ್ಲಿ. ಅದು ಬಂದದ್ದು ಎಷ್ಟೋ ಕಾಲದ ಮೇಲೆ" ಎಂದರು.

ಗಡಿಯಾಚೆಯ ಒಂದು ತಂಡ. ಹೆಸರು ಮೊದಲು, ತಂಡ ಆಮೇಲೆ. ನನಗೆ ಅಲ್ಲೇ, ಭಟ್ಟರ ಗೇಟಿನಲ್ಲೇ, ನಾದಿನಿ ಸರೋಜಿನಿ ನೆನಪಾದಳು. ಅವಳ ಕಥೆ ಹೇಳಬೇಕೆಂದೇ ಇಷ್ಟು ಬರೆದದ್ದು. ಆದರೆ ನೇರವಾಗಿ ಹೇಳುವ ಅಭ್ಯಾಸ ನನಗಿಲ್ಲ, ಸ್ವಲ್ಪ ಸುತ್ತಿಕೊಂಡು ಹೋಗೋಣ.

ದೊಡ್ಡ ಹೆಸರಿಡುವುದರಲ್ಲಿ ನಾವು ಅಮೆರಿಕದವರಿಗೆ ಕಡಿಮೆಯಲ್ಲ. ನಮ್ಮ ಕಡೆಯ ಸವಣೂರಿನ ಪೇಟೆಯಲ್ಲಿ ಒಂದೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದವರ ಅಂಗಡಿಯ ಹೆಸರು ಇಂಟರ್‌ನ್ಯಾಷನಲ್ ಟೈಲರ್ಸ್. ಕಡಬದ ದಾರಿಯಲ್ಲಿ ಯೂನಿವರ್ಸಲ್ ಸೋಡಾ ಎಂಬ ಬೋರ್ಡಿತ್ತು, ಗೋಲಿ ಸೋಡಾ; ಆ ಯೂನಿವರ್ಸು ಬಸ್ ಸ್ಟ್ಯಾಂಡಿನ ಆಚೆ ಸಿಗುತ್ತಿರಲಿಲ್ಲ. ಕಾನ್ವೆಂಟಿನಲ್ಲೂ ಇದೇ ಕಥೆ. ಅಲ್ಲಿ ನಮಗೆ ರೌಂಡರ್ಸ್ ಆಡಿಸುತ್ತಿದ್ದರು, ಬೇಸ್‌ಬಾಲಿನ ಬಡ ತಂಗಿಯಂಥ ಆಟ. ಮರದ ಹಲಗೆಯಿಂದ ಚೆಂಡಿಗೆ ಹೊಡೆಯುವುದು, ಲಂಗ ಎತ್ತಿ ಹಿಡಿದು ಕಂಬದಿಂದ ಕಂಬಕ್ಕೆ ಓಡುವುದು. ರೆಡ್ ಹೌಸಿಗೂ ಬ್ಲೂ ಹೌಸಿಗೂ ಮ್ಯಾಚು. ಸ್ಪೋರ್ಟ್ಸ್ ನೋಡುತ್ತಿದ್ದ ಸಿಸ್ಟರ್ ವಿಸಿಲ್ ಊದುವ ಮೊದಲು "ಗರ್ಲ್ಸ್, ದ ಹೋಲ್ ವರ್ಲ್ಡ್ ಈಸ್ ವಾಚಿಂಗ್" ಎನ್ನುತ್ತಿದ್ದರು. ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದದ್ದು ಕಾನ್ವೆಂಟಿನ ದನ ಒಂದೇ. ನನ್ನನ್ನು ಯಾವಾಗಲೂ ಪೇರಳೆ ಮರದ ಬುಡದಲ್ಲಿ ಫೀಲ್ಡಿಂಗಿಗೆ ನಿಲ್ಲಿಸುತ್ತಿದ್ದರು. ಅಲ್ಲಿಗೆ ಚೆಂಡು ಬರುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಪೇರಳೆ ಮಾತ್ರ ಬೀಳುತ್ತಿತ್ತು. ಅದನ್ನು ನಾನು ಒಂದೂ ಮಿಸ್ ಮಾಡುತ್ತಿರಲಿಲ್ಲ.

ನನ್ನ ತವರು ಕಡಬದ ಹತ್ತಿರ ಕೋಡಿಂಬಾಳ. ಅಲ್ಲಿ ನಮ್ಮ ಅಜ್ಜಿಯ ಜಗತ್ತು ಹೊಳೆಗೆ ಮುಗಿಯುತ್ತಿತ್ತು. ಹೊಳೆಯಾಚೆಯಿಂದ ಬಂದವರೆಲ್ಲ ಅವರ ಲೆಕ್ಕದಲ್ಲಿ ಪರಸ್ಥಳದವರು. ಮದುವೆಯಾಗಿ ಬಂದ ಹೆಂಗಸರನ್ನು ಅವರ ಹೆಸರಿನಿಂದ ಕರೆದದ್ದೇ ನಾನು ಕೇಳಿಲ್ಲ. ಹಿರಿಯ ಸೊಸೆ 'ಸವಣೂರಿನವಳು', ಕಿರಿಯವಳು 'ಪಂಜದವಳು'. ಮಕ್ಕಳು, ಮೊಮ್ಮಕ್ಕಳು ಹುಟ್ಟಿ ಸೊಸೆಯೇ ಅಜ್ಜಿಯಾದರೂ ಸವಣೂರಿನವಳು ಸವಣೂರಿನವಳೇ. ನಾನು ಮದುವೆಯಾಗಿ ಪುತ್ತೂರಿಗೆ ಬಂದೆ, ಕೋಡಿಂಬಾಳದವಳಾದೆ. ಈಗ ಕೋಡಿಂಬಾಳಕ್ಕೆ ಹೋದರೆ 'ಪುತ್ತೂರಿನವಳು ಬಂದಿದ್ದಾಳೆ' ಎನ್ನುತ್ತಾರೆ. ಹೆಂಗಸು ಎಲ್ಲಿರುತ್ತಾಳೋ ಅಲ್ಲಿಯವಳಲ್ಲ ಎಂಬುದು ನಮ್ಮಲ್ಲಿ ಕಾನೂನಿನ ಹಾಗೆ. ಇದರ ಬಗ್ಗೆ ಹಿಂದೆ ನನಗೆ ಬೇಜಾರಿತ್ತು. ಈಗ ಇಲ್ಲ, ಮುಖ್ಯವಾಗಿ ಸರೋಜಿನಿಯ ಪಂದ್ಯಾಟ ನೋಡಿದ ಮೇಲೆ.

ಸರೋಜಿನಿ ನನ್ನ ಯಜಮಾನರ ತಂಗಿ. ಮದುವೆಯಾಗಿ ಹೋದದ್ದು ಸುಳ್ಯದ ಆಚೆ, ಜಾಲ್ಸೂರಿನ ಕಡೆಗೆ. ಅಲ್ಲಿಂದ ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆದರೆ ಕೇರಳ. ಆ ಊರಿನ ಮಹಿಳಾ ಮಂಡಲದ ಅಧ್ಯಕ್ಷೆ ಅವಳೇ. ಒಮ್ಮೆ ಆದವಳು ಆಮೇಲೆ ಇಳಿಯಲಿಲ್ಲ, ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಪ್ರತಿ ವರ್ಷ ಬೇಸಿಗೆಯಲ್ಲಿ ಶಾಲೆಯ ಮೈದಾನದಲ್ಲಿ ಹೆಂಗಸರ ತ್ರೋಬಾಲ್ ಪಂದ್ಯಾಟ ನಡೆಸುತ್ತಾಳೆ. ಬ್ಯಾನರಿನಲ್ಲಿ 'ಅಂತರರಾಜ್ಯ ಮಟ್ಟದ ಮಹಿಳೆಯರ ತ್ರೋಬಾಲ್ ಪಂದ್ಯಾಟ'. ಸುತ್ತಲಿನ ಊರುಗಳ ನಾಲ್ಕಾರು ತಂಡ, ಮತ್ತೆ ಬಂದಡ್ಕದಿಂದ ಒಂದು ಜೀಪು ಹುಡುಗಿಯರು. ಬಂದಡ್ಕ ಕೇರಳದ್ದು. ಆ ಒಂದು ಜೀಪಿನಿಂದಾಗಿ ಪಂದ್ಯಾಟ ಅಂತರರಾಜ್ಯ. ಗಡಿಯ ಆಚೆಗೂ ಈಚೆಗೂ ನಮ್ಮವರೇ, ಅದೇ ಅರೆಭಾಷೆಯ ಕನ್ನಡ, ಅದೇ ಮನೆತನಗಳು. ಬಸ್ಸಿನ ಬಣ್ಣ ಮತ್ತು ಬೋರ್ಡಿನ ಅಕ್ಷರ ಬೇರೆ, ಅಷ್ಟೆ. ಆದರೆ ರಾಜ್ಯ ಬೇರೆ ಅಲ್ಲವೇ? ಟೆಕ್ನಿಕಲಿ ಕರೆಕ್ಟ್, ಎಂದು ನಾನೂ ಒಪ್ಪಿಕೊಂಡಿದ್ದೆ. ಪ್ರತಿ ವರ್ಷ ಬಹುಮಾನ ಕೊಡಲು ನನ್ನನ್ನು ಕರೆಯುತ್ತಿದ್ದರು, ಒಪ್ಪದೆ ಏನು ಮಾಡುವುದು?

ಈಗ ಹೇಳುವುದು ಹೋದ ವರ್ಷದ ಮಾತು. ಶನಿವಾರ ಮಧ್ಯಾಹ್ನ ನಾನು ಅಲ್ಲಿ ಹೋಗಿ ಇಳಿಯುವಾಗ ಬ್ಯಾನರ್ ಆಗಲೇ ಕಟ್ಟಿಯಾಗಿತ್ತು. ಸರೋಜಿನಿ ಜಗಲಿಯಲ್ಲಿ ಫೋನ್ ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ನನ್ನನ್ನು ಕಂಡು ಏಳಲಿಲ್ಲ. ಅವಳು ಮಾತಾಡುವುದು ಅರೆಭಾಷೆ. ನಾನಿಲ್ಲಿ ಅದಕ್ಕೆ ಇಸ್ತ್ರಿ ಹಾಕಿ ಬರೆದಿದ್ದೇನೆ.

"ಅವರು ಬರುದಿಲ್ಲ ಅಂತೆ ಅತ್ತಿಗೆ. ಬಂದಡ್ಕದವರು."

"ಎಂತಕ್ಕೆ?"

"ಅವರ ತಂಡದ ಹುಡುಗಿಗೆ ನಾಳೆ ಮದುವೆ. ಎಲ್ಲ ಅಲ್ಲಿಗೆ ಹೋಗ್ತಾರೆ."

"ನೀನು ಕರೆಯುವಾಗ ಹೇಳ್ಲಿಲ್ವಾ?"

ಸರೋಜಿನಿ ಅಂಗಳದ ಕಡೆ ನೋಡಿದಳು. "ಕರೆದದ್ದು ಯಾರು? ಪ್ರತಿ ವರ್ಷ ಬರುವವರನ್ನು ಕರೆಯುದು ಎಂತ. ಈಗ ನಾನೇ ಫೋನ್ ಮಾಡಿದೆ, ಊಟಕ್ಕೆ ಎಷ್ಟು ಜನ ಅಂತ ಕೇಳ್ಲಿಕ್ಕೆ."

ಇಂಥ ತಪ್ಪು ನಮ್ಮವರು ಮಾತ್ರ ಮಾಡುವುದು. ಊರಿಗೆಲ್ಲ ಮನೆಮನೆಗೆ ಹೋಗಿ ಹೇಳಿದ್ದಾಳೆ, ಯಾರ ಹೆಸರಿನಿಂದ ಬ್ಯಾನರ್ ನಿಂತಿದೆಯೋ ಅವರಿಗೆ ಹೇಳಿಲ್ಲ. ಅಷ್ಟು ಹತ್ತಿರದವರಿಗೆ ಹೇಳುವುದು ಕೂಡ ಒಂದು ರೀತಿಯ ಅವಮಾನವಲ್ಲವೇ ಎಂಬ ಲೆಕ್ಕಾಚಾರ.

ಹೊತ್ತು ಇಳಿಯುವ ಮೊದಲು ಸುದ್ದಿ ಪಕ್ಕದ ಊರಿಗೆ ಮುಟ್ಟಿತು. ಅಲ್ಲಿಯ ಮಂಡಲದ ಅಧ್ಯಕ್ಷೆ ಪದ್ಮಾವತಿ ಸ್ಕೂಟರಿನಲ್ಲಿ ಬಂದು, ಇಳಿಯದೆ, ಒಂದು ಕಾಲು ನೆಲಕ್ಕೆ ಊರಿ ನಿಂತು ಬ್ಯಾನರನ್ನು ಮೇಲಿಂದ ಕೆಳಗೆ ಓದಿದಳು. "ಚಂದ ಉಂಟು ಸರೋಜಕ್ಕ. ಅಂತರರಾಜ್ಯ ಹೇಳಿದಲ್ಲಿಗೆ ಒಂದು ತುಂಡು ಕಾಗದ ಅಂಟಿಸಿದ್ರೆ ಸಾಕು. ಪಂಚಾಯತ್ ಮಟ್ಟದ್ದು ಅಂತ ಬರೀರಿ. ನಮ್ಮ ಪಂದ್ಯಾಟ ಹೇಗೂ ಜಿಲ್ಲಾ ಮಟ್ಟದ್ದು, ನೀವು ಅದರ ಕೆಳಗೆ ಬಂದ್ರೆ ನಮಗೆಂತ ಬೇಜಾರಿಲ್ಲ."

ಸರೋಜಿನಿ ಚಾ ಕುಡಿದು ಹೋಗು ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿದ್ದು ಅವಳ ಮದುವೆಯ ದಿನ.

ಅಡಿಗೆಮನೆಯಲ್ಲಿ ಸರೋಜಿನಿಯ ಸೊಸೆ ಬಿಂದು ಮರುದಿನದ ಊಟಕ್ಕೆ ಕಾಯಿ ತುರಿಯುತ್ತಿದ್ದಳು. ಬಿಂದು ಬಂದಡ್ಕದ ಹುಡುಗಿ. ಅಲ್ಲಿಯ ಕಾಲೇಜಿನ ತಂಡದಲ್ಲಿ ಆಡಿದವಳು. ಮದುವೆಯಾಗಿ ಬಂದ ಮೇಲೆ ಸರೋಜಿನಿಯ ತಂಡದ ಸರ್ವಿಸೆಲ್ಲ ಅವಳ ಕೈಯಲ್ಲಿ. ಅವಳು ಬಂದಂದಿನಿಂದ ಪಂದ್ಯಾಟದ ಕಪ್ಪು, ಆ ದೊಡ್ಡ ಟ್ರೋಫಿ, ಸರೋಜಿನಿಯ ಮನೆಯ ಟಿ.ವಿ. ಸ್ಟ್ಯಾಂಡಿನಿಂದ ಕದಲಿಲ್ಲ. ತಂಡದ ಒಳ್ಳೊಳ್ಳೆ ಆಟಗಾರ್ತಿಯರು ನೋಡಿದರೆ ಹೀಗೆಯೇ, ಗಡಿಯಾಚೆಯಿಂದ ಮದುವೆಯಾಗಿ ಬಂದವರು. ಆಚೆಯ ಶಾಲೆಗಳಲ್ಲಿ ಆಟ ಆಡಿಸುವುದು ಹೆಚ್ಚೋ ಏನೋ.

ಬಿಂದು ತುರಿಯುವುದನ್ನು ನಿಲ್ಲಿಸದೆ ಹೇಳಿದಳು, "ಅತ್ತೆ, ನಿಮಗೆ ಬೇಕಾದ್ದು ಕೇರಳದವರು ಅಲ್ವಾ? ಆಚೆಯಿಂದ ಮದುವೆಯಾಗಿ ಬಂದವರೇ ಈ ಊರಲ್ಲಿ ಒಂದು ತಂಡಕ್ಕೆ ಆಗುವಷ್ಟು ಇದ್ದೇವಲ್ಲ. ನಾನುಂಟು. ಮೇಲಿನ ಮನೆಯ ಶೈಲಕ್ಕ ಉಂಟು. ಮುಳ್ಳೇರಿಯದ ಚಿಕ್ಕಮ್ಮ ಉಂಟು."

"ನೀನು ಆಚೆ ನಿಂತ್ರೆ ಈಚೆ ಸರ್ವಿಸ್ ಯಾರು ಹಾಕುದು?"

"ಅದನ್ನು ನೀವು ನೋಡ್ಬೇಕು. ನಾನು ಆಚೆಯ ತಂಡದವಳು, ನಿಮಗೆ ಹೇಗೆ ಹೇಳುದು?"

"ಶೈಲನೂ ಹೋದ್ರೆ ನಮ್ಮಲ್ಲಿ ಚೆಂಡು ಹಿಡಿಯುವವರೇ ಇಲ್ಲ ಮಾರಾಯ್ತಿ. ಕಪ್ಪು ಹೋಗ್ತದೆ."

"ಹೆಸರಾದ್ರೂ ಉಳೀತದೆ. ಎರಡೂ ಬೇಕು ಅಂದ್ರೆ ಆಗ್ಲಿಕ್ಕಿಲ್ಲ ಅತ್ತೆ."

ಸರೋಜಿನಿ ನನ್ನ ಮುಖ ನೋಡಿದಳು. ನಾನು ಉಪ್ಪಿನಕಾಯಿ ಭರಣಿಯ ಮುಚ್ಚಳ ನೋಡಿದೆ. ಇಂಥ ವಿಷಯಗಳಲ್ಲಿ ನಾನು ಕಲಿತದ್ದು ಪೇರಳೆ ಮರದ ಬುಡದ ನೀತಿ: ಚೆಂಡು ಬರದ ಕಡೆ ನಿಲ್ಲುವುದು. ಸರೋಜಿನಿ ಎದ್ದು ಚಾವಡಿಗೆ ಹೋದಳು. ಟಿ.ವಿ. ಸ್ಟ್ಯಾಂಡಿನ ಮೇಲಿದ್ದ ಕಪ್ಪನ್ನು ಇಳಿಸಿ ಸೆರಗಿನಿಂದ ಒರೆಸಿ ಬಾಗಿಲ ಬಳಿ ಇಟ್ಟಳು. ಒಳಗೆ ಬಂದು, "ಶೈಲನಿಗೆ ನೀನೇ ಹೇಳು. ನಾನು ಹೇಳಿದ್ರೆ ನಾಚಿಕೆ" ಎಂದಳು. ಅಷ್ಟೇ.

ಆದಿತ್ಯವಾರ ಬೆಳಿಗ್ಗೆ ಸಜ್ಜಿಗೆ, ಬಜಿಲು ಎಂಬ ಅವಲಕ್ಕಿ ತಿಂದು ಎಲ್ಲರೂ ಮೈದಾನಕ್ಕೆ ಹೋದೆವು. ವೀಕ್ಷಕ ವಿವರಣೆಗೆ ನಿಂತವರು ರಿಟೈರ್ ಆದ ಒಬ್ಬ ಮಾಸ್ಟ್ರು. ಮೈಕ್ ಸಿಕ್ಕಿದರೆ ಅವರ ಕನ್ನಡ ಯಕ್ಷಗಾನದ ಕಡೆಗೆ ವಾಲುತ್ತದೆ. "ಇದೀಗ ಗಡಿಯನ್ನು ದಾಟಿ ಆಗಮಿಸಿರುವ ಕೇರಳ ರಾಜ್ಯದ ಬಲಾಢ್ಯ ತಂಡ" ಎಂದರು. ಬಲಾಢ್ಯ ತಂಡ ಆಗಷ್ಟೇ ಊಟದ ಶೆಡ್ಡಿನಿಂದ ಕೈ ತೊಳೆದು ಆಗಮಿಸಿತ್ತು. ಮುಳ್ಳೇರಿಯದ ಚಿಕ್ಕಮ್ಮ ಮೊಮ್ಮಗುವನ್ನು ಗಂಡನ ಕೈಗೆ ಕೊಟ್ಟು ಸೀರೆ ಎತ್ತಿ ಕಟ್ಟಿದರು. ಎಷ್ಟೋ ವರ್ಷದ ಹಿಂದೆ ಬಂದವರು, ಈ ಊರಿನ ಅರ್ಧ ಬಾಣಂತನ ಮಾಡಿಸಿದವರು. ಆದರೂ ಜನ ಅವರನ್ನು ಮುಳ್ಳೇರಿಯದವರೆಂದೇ ಕರೆಯುವುದು. ಮೈಕಿನಲ್ಲಿ ಅದೇ ಹೆಸರು ಬಂದಾಗ ಅವರು ಮಾಸ್ಟ್ರ ಕಡೆ ತಿರುಗಿ ನೋಡಿದರು. ಅಡಿಗೆಮನೆಯಿಂದ ಕೂಗಿ ಕರೆಯಲು ಬಳಸುತ್ತಿದ್ದ ಹೆಸರಿಗೆ ಮೈದಾನದಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು.

ಪದ್ಮಾವತಿ ಸುಮ್ಮನಿರಲಿಲ್ಲ. ಅಂಪೈರ್ ಬಳಿ ಹೋಗಿ, "ಇವರದ್ದು ಆಧಾರ್ ಎಲ್ಲಿಯದ್ದು ಅಂತ ಕೇಳಿ. ವೋಟು ಇಲ್ಲಿ, ರೇಷನ್ ಇಲ್ಲಿ, ಆಟಕ್ಕೆ ಮಾತ್ರ ಕೇರಳವಾ?" ಎಂದಳು.

ಸರೋಜಿನಿ ಕುರ್ಚಿಯಿಂದ ಏಳದೆ ಕೇಳಿದಳು. "ಪದ್ಮಾವತಿ, ನಿನ್ನ ಗಂಡನ ಮನೆಯಲ್ಲಿ ನಿನ್ನನ್ನು ಎಂತ ಹೇಳಿ ಕರೆಯುದು?"

ಪದ್ಮಾವತಿ ಅಂಪೈರನ ಕಡೆ ತಿರುಗಿದಳು.

"ಸಂಪಾಜೆಯವಳು ಅಂತಲ್ವಾ? ನೀನು ಬಂದು ಎಷ್ಟು ಕಾಲ ಆಯ್ತು? ನಿನ್ನ ಅತ್ತೆಗೆ ನೀನು ಇನ್ನೂ ಸಂಪಾಜೆಯವಳಾದ್ರೆ, ನನ್ನ ಸೊಸೆ ನನಗೆ ಬಂದಡ್ಕದವಳೇ."

ಅಂಪೈರ್ ವಿಸಿಲ್ ಊದಿದ. ಪದ್ಮಾವತಿ ಹೋಗಿ ಶಾಮಿಯಾನದ ಕೆಳಗೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಮುಳ್ಳೇರಿಯದ ಚಿಕ್ಕಮ್ಮ ಚೆಂಡು ಹಿಡಿದಾಗ ಚಪ್ಪಾಳೆ ತಟ್ಟುತ್ತಿದ್ದವರಲ್ಲಿ ಅವಳೂ ಇದ್ದಳು.

ಪಂದ್ಯವನ್ನು ವರ್ಣಿಸಲು ನನಗೆ ಬರುವುದಿಲ್ಲ. ಹೊಸ ಕಣ್ಣಿಲ್ಲದ ಆ ಕಾಲದಲ್ಲಿ ನನಗೆ ಚೆಂಡು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಕಂಡದ್ದು ಇಷ್ಟು: ಕೇರಳ ಉಳಿದವರನ್ನೆಲ್ಲ ಸೋಲಿಸಿ ಫೈನಲಿಗೆ ಬಂತು. ಈಚೆ ಸರೋಜಿನಿಯ ತಂಡ ಹೇಗೋ ಎಳೆದುಕೊಂಡು ಬಂತು. ಬಿಂದುವಿನ ಗಂಡ ಎರಡು ಕಡೆಯ ನಡುವೆ, ನೆಟ್ಟಿನ ಕಂಬದ ನೇರಕ್ಕೆ ಕುರ್ಚಿ ಹಾಕಿಕೊಂಡು ಯಾರಿಗೂ ಚಪ್ಪಾಳೆ ತಟ್ಟದೆ ಕೂತಿದ್ದ. ಬಿಂದುವಿನ ಸರ್ವಿಸ್ ಅತ್ತೆಯ ತಂಡದ ಮೇಲೆ ಬಿದ್ದ ಹಾಗೆಲ್ಲ ಹೆಂಗಸರು ನಗುತ್ತಿದ್ದರು. ಆ ನಗುವಿನಲ್ಲಿ ಯಾವ್ಯಾವ ಮನೆಯ ಯಾವ್ಯಾವ ಅತ್ತೆಯರಿದ್ದರೋ. ಸರೋಜಿನಿ ಮಾತ್ರ ಪ್ರತಿ ಸಲವೂ ತನ್ನ ಹುಡುಗಿಯರಿಗೆ, "ಅವಳು ಎಡಕ್ಕೆ ನೋಡಿದ್ರೆ ಬಲಕ್ಕೆ ಬಿಸಾಡುದು, ನನಗೆ ಗೊತ್ತುಂಟು, ಬಲಕ್ಕೆ ನಿಲ್ಲಿ" ಎಂದು ಹೇಳಿಕೊಡುತ್ತಿದ್ದಳು. ಬಿಂದು ಅದನ್ನು ಕೇಳಿಸಿಕೊಂಡು ಎಡಕ್ಕೇ ಬಿಸಾಡುತ್ತಿದ್ದಳು.

ಕಪ್ಪು ಹೋಯಿತು. ನಾನೇ ಎತ್ತಿ ಬಿಂದುವಿಗೆ ಕೊಟ್ಟೆ. ಅತ್ತೆ, ಸೊಸೆ ಒಟ್ಟಿಗೆ ಮನೆಗೆ ಬಂದರು. ಬಿಂದು ಕಪ್ಪನ್ನು ಟಿ.ವಿ. ಸ್ಟ್ಯಾಂಡಿನ ಮೇಲೆ ಇಡಲು ಹೋದಳು, ಮತ್ತೆಲ್ಲಿ ಇಡುವುದು? ಸರೋಜಿನಿ ತಡೆದಳು.

"ಅಲ್ಲಿ ಬೇಡ. ಗೆದ್ದವರ ಊರಿಗೆ ಕಪ್ಪು ಹೋಗುದು ರೂಲು. ಬಂದಡ್ಕಕ್ಕೆ ಹೋಗ್ಬೇಕು."

"ಬಂದಡ್ಕದಲ್ಲಿ ಯಾರಿಗೆ ಕೊಡುದು ಅತ್ತೆ?"

"ನಿನ್ನ ಅಮ್ಮನ ಮನೆಯಲ್ಲಿಡು. ನಾಳೆ ಹೋಗು, ನಾಲ್ಕು ದಿನ ಇದ್ದು ಬಾ." ಆಮೇಲೆ ನನ್ನ ಕಡೆ ತಿರುಗಿ, "ಅತ್ತಿಗೆ, ನೀವೂ ಹೋಗಿ. ಹುಡುಗಿ ಒಬ್ಬಳೇ ಇಷ್ಟು ದೊಡ್ಡ ಗಂಟು ಹಿಡಿದುಕೊಂಡು ತವರಿಗೆ ಹೋದ್ರೆ, ಜಗಳ ಮಾಡಿ ಪಾತ್ರೆ ಸಮೇತ ಹೊರಟದ್ದು ಅಂತ ಜನ ಹೇಳ್ತಾರೆ" ಎಂದಳು.

ಹಾಗೆ ನಾನು ಅಂತರರಾಜ್ಯ ಪ್ರಯಾಣ ಮಾಡಿದೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕಪ್ಪು ನಮ್ಮಿಬ್ಬರ ನಡುವೆ ಮೂರನೆಯವಳ ಹಾಗೆ ಕೂತಿತ್ತು. ಕಂಡಕ್ಟರ್ ಅದನ್ನು ಮುಟ್ಟಿ ನೋಡಿ ದೇವರ ಮೂರ್ತಿಯಾ ಎಂದು ಕೇಳಿದ. ಬಿಂದು ನಕ್ಕು ಟಿಕೆಟಿನ ದುಡ್ಡು ಕೊಟ್ಟಳು. ಗಡಿ ಎಲ್ಲಿ ದಾಟಿತೆಂದು ನನಗೆ ತಿಳಿಯಲಿಲ್ಲ. ಎರಡು ಬದಿಯಲ್ಲೂ ಅದೇ ರಬ್ಬರ್, ಅದೇ ಕಾಸರಕನ ಮರ. ಬಿಂದು ಮಾತ್ರ ಒಂದು ತಿರುವಿನಲ್ಲಿ ಕಿಟಕಿಯ ಹೊರಗೆ ನೋಡಿ ಕೂದಲು ಸರಿ ಮಾಡಿಕೊಂಡಳು, ಅದರಿಂದ ಗೊತ್ತಾಯಿತು.

ಸರೋಜಿನಿ ಹೇಳಿದ್ದು ಸುಳ್ಳಾಗಲಿಲ್ಲ. ಮುನ್ಸೂಚನೆಯಿಲ್ಲದೆ ಗಂಟಿನೊಂದಿಗೆ ಬಂದ ಮಗಳನ್ನೂ ಹಿಂದೆ ಗಂಭೀರವಾಗಿ ಬರುತ್ತಿದ್ದ ಮುದುಕಿಯನ್ನೂ ಕಂಡು ಬಿಂದುವಿನ ಅಮ್ಮ ಮೆಟ್ಟಿಲಲ್ಲೇ ಕೂತುಬಿಟ್ಟರು. ಬಿಂದು ಬೆಡ್‌ಶೀಟ್ ಬಿಚ್ಚಿದಳು.

"ಗೆದ್ದದ್ದು ಅಮ್ಮ."

"ಯಾರ ಮೇಲೆ?"

"ಅತ್ತೆಯ ಮೇಲೆ."

ಆ ತಾಯಿ ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಮಗಳ ಕಿವಿಯ ಹತ್ತಿರ ಬಗ್ಗಿ, ನನಗೆ ಕೇಳದು ಎಂದುಕೊಂಡು ಕೇಳಿದರು: "ಅತ್ತೆಗೆ ಗೊತ್ತುಂಟಾ?"

ಸಂಜೆಗೆ ಸರೋಜಿನಿಯ ಫೋನ್ ಬಂತು. ಕಪ್ಪು ಮುಟ್ಟಿತಾ, ಎಲ್ಲಿಟ್ಟಿರಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಆಮೇಲೆ ಫೋನ್ ಬಿಂದುವಿಗೆ ಕೊಡಿ ಎಂದಳು. ಬಿಂದು ಸ್ಪೀಕರಿಗೆ ಹಾಕಿದಳು, ಅಮ್ಮನಿಗೂ ಕೇಳಲಿ ಎಂದು.

"ಬರುವ ವರ್ಷ ಆ ಜೀಪಿನವರನ್ನು ನಾನು ಮೊದಲೇ ಕರೀತೇನೆ. ನೀನು ಯಾವ ಕಡೆ ಆಡುದು?"

ಬಿಂದು ಮೇಜಿನ ಮೇಲಿದ್ದ ಕಪ್ಪನ್ನೂ ಅದರ ಪಕ್ಕದಲ್ಲಿ ನಿಂತಿದ್ದ ಅಮ್ಮನನ್ನೂ ನೋಡಿದಳು. "ಕಪ್ಪು ಇಲ್ಲಿ ಉಂಟಲ್ಲ ಅತ್ತೆ. ಉಳಿಸಿಕೊಳ್ಬೇಕಲ್ಲ."

ಆಚೆಯಿಂದ ಗೇಟಿನ ಸದ್ದು, ಯಾರೋ ದನವನ್ನು ಕರೆಯುವುದು ಕೇಳಿತು. 

"ಆಯ್ತು," ಎಂದಳು ಸರೋಜಿನಿ. "ಹಾಗಾದ್ರೆ ನಾಲ್ಕು ದಿನ ಅಂತ ನಿಲ್ಲಬೇಡ, ನಾಡಿದ್ದೇ ಬಾ. ಹುಡುಗಿಯರು ಈಗಿಂದಲೇ ಪ್ರಾಕ್ಟೀಸ್ ಶುರು ಮಾಡುದು ಅಂತ ಕೂತಿದ್ದಾರೆ. ನೆಟ್ಟಿನ ಆಚೆ ನಿಲ್ಲಲಿಕ್ಕೆ ಇಲ್ಲಿ ಯಾರೂ ಇಲ್ಲ."